ಉಂಚಳ್ಳಿಗೆ ಸೈಕಲ್ಲಾ? ಮೊದಲು ಬ್ರೇಕ್ ನೋಡಿ

ಶಿರಸಿಯಿಂದ ಉಂಚಳ್ಳಿ ಜಲಪಾತಕ್ಕೆ ‘ಯಾವ ಬಾಡಿಗೆ ಸೈಕಲ್ಲಾದರೂ ನಡೆಯುತ್ತೆ’ ಅಂತ ಒಂದು ಲೇಖನದಲ್ಲಿದೆ. ಬೇಸಿಗೆಯಲ್ಲಿ ಸರಿ, ಮಳೆಗಾಲದಲ್ಲಿ ಖಂಡಿತ ಅಲ್ಲ. ರಿಮ್ ಬ್ರೇಕ್ (ಚಕ್ರದ ಅಂಚಿನ ಲೋಹದ ಬಳೆಯನ್ನೇ ಒತ್ತಿ ಹಿಡಿಯೋದು) ಆದರೆ ಅದರ ರಬ್ಬರ್ ಪ್ಯಾಡ್ ಮೊದಲು ರಿಮ್ಮಿನ ನೀರು ಒರೆಸಬೇಕು, ಆಮೇಲೆ ಹಿಡಿಯೋದು. ಇಳಿಜಾರಲ್ಲಿ ಅಷ್ಟರೊಳಗೆ ತಿರುವು ಬಂದಿರುತ್ತೆ. ಕೆಂಪು ಮಣ್ಣು ಮೆತ್ತಿದರೆ ಪ್ಯಾಡೂ ಬೇಗ ಸವೆಯುತ್ತೆ. ಅದಕ್ಕೇ ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ತಟ್ಟೆಯನ್ನು ಹಿಡಿಯೋದು) ಇರೋದನ್ನೇ ಕೇಳಿ. ಬ್ರೇಕ್ ಹಿಡಿ ಒತ್ತಿದಾಗ ಹ್ಯಾಂಡಲ್‌ಗೆ ತಾಗಿದರೆ ಅಲ್ಲೇ ಕೇಬಲ್ ಬಿಗಿ ಮಾಡಿಸಿ. ಇನ್ನು ಟ್ಯೂಬಿಗೆ ಗಾಳಿ ತುಂಬೋ ವಾಲ್ವ್: ಪ್ರೆಸ್ಟಾ ಅನ್ನೋ ಸಪೂರದ ಬಗೆ ಆದರೆ ಪೆಟ್ರೋಲ್ ಬಂಕಿನ ಗಾಳಿ ಹೋಗಲ್ಲ, ಅಡಾಪ್ಟರ್ ಬೇಕು. ಟೈರಿನ ಅಳತೆಯದೇ ಹೆಚ್ಚುವರಿ ಟ್ಯೂಬ್ ಒಂದಿರಲಿ. ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟೂ ಇರಲಿ. ಅಂದಹಾಗೆ, ಜುಲೈನಲ್ಲಿ 116 ಮೀಟರ್ ಜಲಪಾತ ಮಂಜಿನಲ್ಲಿ ಪೂರ್ತಿ ಮುಚ್ಚಿಹೋಗೋದೂ ಉಂಟು. ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ ಹೋದರೆ ಜಲಪಾತವಾಗಿ ಧುಮುಕುವ ಅಘನಾಶಿನಿ ನದಿಯಲ್ಲಿ ನೀರೂ ಇರುತ್ತೆ, ರಸ್ತೆಯೂ ಒಣಗಿರುತ್ತೆ.