ಕ್ಯಾಮೆರಾ ಬಿಡ್ರಿ, ಬೆಳಕು ನೋಡ್ರಿ

ನಿನ್ನೆ ಹಾಕಿದ ಡಯಾಟಮ್ ಫೋಟೋ ನೋಡಿ ಎಲ್ಲರೂ ಕೇಳಿದ್ದು ಒಂದೇ: "ಯಾವ ಕ್ಯಾಮೆರಾ ರೀ ಸರ?" ಹಳೆಯ ಫೋನು. ಅದೂ ಗ್ಲಾಸು ಒಡೆದದ್ದು.

ಬಾಗಲಕೋಟೆ ನವನಗರದ ನಮ್ಮ ಮನೆಯ ಊಟದ ಟೇಬಲ್ಲೇ ನನ್ನ ಸ್ಟುಡಿಯೋ. ಕಾಲೇಜು ಹುಡುಗರು ಬಳಸುವಂಥ ಮೈಕ್ರೋಸ್ಕೋಪು, ಹುಳಕ್ಕೆ ಅಂತ ಮಾರುವ ಡಯಾಟಮ್ ಮಣ್ಣಿನ ಬಿಳಿ ಪುಡಿ. ಡಯಾಟಮ್ ಅಂದರೆ ಒಂದೇ ಕೋಶದ ಪಾಚಿ. ನೀರಿನಲ್ಲಿ ಕರಗಿದ ಸಿಲಿಕಾ ಹೀರಿ, ಡಬ್ಬಿ-ಮುಚ್ಚಳದ ಹಾಗೆ ಎರಡು ಹೋಳಿನ ಗಾಜಿನ ಚಿಪ್ಪು ಕಟ್ಟಿಕೊಳ್ಳುತ್ತದೆ. ಪಾಚಿ ಸತ್ತರೂ ಚಿಪ್ಪು ಲಕ್ಷಾಂತರ ವರ್ಷ ಉಳಿಯುತ್ತದೆ. ಅಂಥ ಚಿಪ್ಪುಗಳ ರಾಶಿಯೇ ಈ ಮಣ್ಣು. (ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್‌ನಲ್ಲಿ ನೈಟ್ರೋಗ್ಲಿಸರಿನ್ ಅನ್ನುವ ಸ್ಫೋಟಕ ದ್ರವ ಹೀರಿಕೊಂಡು ಕೂತಿದ್ದು ಇದೇ ಮಣ್ಣು!)

"ಹಂಗಾರ ಬಾದಾಮಿ ಕಲ್ಲಾಗೂ ಇರತಾವೇನ್ರಿ ಕಾಕಾ?" ಅಂತ ಅಣ್ಣನ ಮಗ ಕೇಳಿದ. ಇಲ್ಲಪ್ಪ. ಆ ಕಲ್ಲು ಡಯಾಟಮ್ ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಹಿಂದಿನದು.

ಮೊದಲ ಸಲ ಪುಡಿಗೆ ಒಂದು ಹನಿ ಗ್ಲಿಸರಿನ್ ಹಾಕಿ ನೋಡಿದೆ. ಏನೂ ಇಲ್ಲ! ಅಂಗಡಿಯವ ಸುಣ್ಣದ ಪುಡಿ ಕಟ್ಟಿಕೊಟ್ಟ ಅಂತ ಸುಮ್ನೆ ಬೈದೆ. ತಪ್ಪು ನನ್ನದೇ. ಚಿಪ್ಪಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.43, ಗ್ಲಿಸರಿನ್‌ದು 1.47. ಬೆಳಕಿಗೆ ಎರಡೂ ಹೆಚ್ಚೂಕಡಿಮೆ ಒಂದೇ. ಅಂದ ಮೇಲೆ ಅಂಚು ಕಾಣುವುದಾದರೂ ಹೇಗೆ? ಆಮೇಲೆ ಪುಡಿಯನ್ನು ನೀರಿನಲ್ಲಿ ಕಲಕಿ, ಒಂದು ಹನಿ ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮೇಲೆ ಒಣಗಿಸಿ, ಸ್ಲೈಡ್ ಅನ್ನುವ ಗಾಜಿನ ಪಟ್ಟಿ ಮೇಲೆ ಬೋರಲು ಹಾಕಿದೆ. ಈಗ ಸುತ್ತ ಬರೀ ಗಾಳಿ. ಚಿಪ್ಪುಗಳು ಎದ್ದು ಕಂಡವು. ಜಾಸ್ತಿ ಒಡೆದವೇ, ಆದರೂ ನಡುವೆ ಒಂದೆರಡು ಇಡಿಯವು.

ಇನ್ನು ಬೆಳಕು. ಕೆಳಗಿನಿಂದ ಬೆಳಕನ್ನು ಸ್ಲೈಡಿಗೆ ಕೂಡಿಸಿ ಬಿಡುವ ಲೆನ್ಸು, ಅಂದರೆ ಕಂಡೆನ್ಸರ್ ಕೆಳಗೆ ಕರಿ ಕಾಗದದ ತುಂಡು ಇಟ್ಟು ಅರ್ಧ ಬೆಳಕು ಮುಚ್ಚಿದೆ. ಸಂಜೆಯ ಓರೆ ಬಿಸಿಲಿಗೆ ಉತ್ತ ಹೊಲದ ಸಾಲು ಕಾಣುತ್ತವಲ್ಲ, ಹಾಗೆ ಚಿಪ್ಪಿನ ಮೇಲಿನ ಗೆರೆಗಳು ಮೂಡಿದವು. ಈ ಕಾಗದಕ್ಕೆ ಖರ್ಚೇನು? ಸೊನ್ನೆ. ಲಕ್ಷದ ಕ್ಯಾಮೆರಾ ತಂದು ಬೆಳಕು ನೆಟ್ಟಗೆ ಬಿಟ್ಟರೆ ಬರುವುದು ಬೂದು ಕಲೆಯೇ.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಮಾಮೂಲಿ ಮೈಕ್ರೋಸ್ಕೋಪಿಗೆ ಒಂದು ಮಿತಿ ಇದೆ, ಸುಮಾರು 0.2 ಮೈಕ್ರಾನ್ (ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು). ಅದನ್ನು ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ವಿವರಿಸಿದ. ಅದಕ್ಕಿಂತ ಒತ್ತಾಗಿರುವ ಚಿಪ್ಪಿನ ತೂತುಗಳನ್ನು ಲೆನ್ಸು ಬಿಡಿಸಿ ತೋರಿಸುವುದಿಲ್ಲ. ಆದರೆ ಫೋಟೋ ಚೊಕ್ಕ ಮಾಡುವ ಫೋನಿನ ಆ್ಯಪ್ ಇಲ್ಲದ್ದನ್ನೂ ತಾನೇ ಸೇರಿಸಿ ತೋರಿಸುತ್ತದೆ!

ಅಣ್ಣನ ಮಗ ನನ್ನ ಫೋಟೋವನ್ನು ಆ್ಯಪಿಗೆ ಹಾಕಿ, "ಇದ ಚಂದ ಬಂದೈತಿ ನೋಡ್ರಿ" ಅಂದ. ಎಣಿಸು ಅಂದೆ. ನನ್ನದರಲ್ಲಿ ಒಂದು ಸಾಲಿಗೆ 22 ಚುಕ್ಕೆ. ಅವನದರಲ್ಲಿ 31. ಮುರಿದ ಅಂಚೂ ಕೂಡಿಕೊಂಡಿತ್ತು.