ಆಟಿ ತಿಂಗಳಲ್ಲಿ ಪಂಪು ಹಾಕಲು ಹೋಗುವವನು

ಕಳೆದ ಶನಿವಾರ ನಾನೂ ಹೆಂಡತಿಯೂ ಮಂಗಳೂರಿಗೆ ಹೋಗಿ ಒಂದು ಸ್ಟ್ಯಾಂಡಪ್ ಕಾಮಿಡಿ ನೋಡಿ ಬಂದೆವು. ಟಿಕೆಟ್ ಮಗಳು ಬುಕ್ ಮಾಡಿಕೊಟ್ಟದ್ದು. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮಂಥ ತೋಟದವರಿಗೆ ಹಾಸ್ಯ ಅಂದ್ರೆ ಯಕ್ಷಗಾನದ ಹಾಸ್ಯಗಾರ, ಇಲ್ಲದಿದ್ರೆ ತುಳು ನಾಟಕ. ಒಬ್ಬನೇ ಮೈಕ್ ಹಿಡ್ಕೊಂಡು ಒಂದೂಕಾಲು ಗಂಟೆ ಮಾತಾಡುವುದಕ್ಕೆ ದುಡ್ಡು ಬೇರೆ ಕೊಡಬೇಕಾ ಅಂತ ಕುಂಬಳೆಯಲ್ಲಿ ಬಸ್ ಹತ್ತುವಾಗ ಗೊಣಗಿದ್ದೆ. ಬರುವಾಗ ಗೊಣಗಲಿಲ್ಲ.

ಹುಡುಗನ ಹೆಸರು ಹಾಕುವುದಿಲ್ಲ, ಪ್ರಚಾರ ಅಂತ ನೀವು ಹೇಳುವುದು ಬೇಡ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವ. ಶುಕ್ರವಾರ ಪಾರ್ಟಿ, ಶನಿವಾರ ಪಾರ್ಟಿ, ಭಾನುವಾರ ಅದರ ತಲೆನೋವಿಗೆ ಮತ್ತೊಂದು. ಮೊದಲ ಅರ್ಧ ಗಂಟೆ ಬರೀ ಇದೇ. ಆಮೇಲೆ ಮೆಲ್ಲ ಒಂದು ವಿಷಯ ಬಿಟ್ಟ. ಪಾರ್ಟಿಯಲ್ಲಿ ಅವನು ಕುಡಿಯುತ್ತಿದ್ದದ್ದು ಎಲ್ಲರಷ್ಟೇ ಅಂತೆ. ಆದರೆ ಹೊರಡುವ ಮೊದಲು ಮನೆಯಲ್ಲಿ ಒಂದಿಷ್ಟು, ಬಂದ ಮೇಲೆ ಇನ್ನೊಂದಿಷ್ಟು. ಖಾಲಿ ಬಾಟಲಿ ಹೆಂಡತಿಯ ಕಣ್ಣಿಗೆ ಬೀಳಬಾರದು ಅಂತ ದಿನಾ ರಾತ್ರಿ ಕಸ ತಾನೇ ಕೆಳಗೆ ಒಯ್ಯುತ್ತಿದ್ದ. ಹಸಿ ಕಸ ಬೇರೆ, ಒಣ ಕಸ ಬೇರೆ, ಗಾಜು ಪೇಪರಲ್ಲಿ ಸುತ್ತಿ ಬೇರೆ. ಕೊನೆಗೆ ಅಪಾರ್ಟ್‌ಮೆಂಟಿನ ಸಂಘದವರು ಅವನನ್ನು ಕರೆದು ಶಾಲು ಹೊದಿಸಿದರಂತೆ, ಕಸ ವಿಂಗಡಣೆಯಲ್ಲಿ ಮಾದರಿ ಗಂಡಸು ಅಂತ.

ಸಭಾಂಗಣದಲ್ಲಿ ಜನ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ "ಪಂಪು" ಅಂದಳು. ಅಷ್ಟೇ.

ಪಂಪಿನ ಕತೆ ಇದು. ಕೆರೆಯ ಬದಿಯ ಪಂಪ್ ಶೆಡ್ಡಿನಲ್ಲಿ, ಗೊಬ್ಬರದ ಖಾಲಿ ಚೀಲಗಳ ಅಡಿಯಲ್ಲಿ, ನನ್ನ ಬಾಟಲಿ ಇರುತ್ತಿತ್ತು. ಸಂಜೆ ಆರೂವರೆಗೆ "ಪಂಪು ಹಾಕಿ ಬರ್ತೇನೆ" ಅಂತ ಹೊರಡುವುದು. ಬರುವಾಗ ಬಾಯಲ್ಲಿ ಏಲಕ್ಕಿ. ಬೇಸಿಗೆಯಲ್ಲಿ ಸರಿ, ಸ್ಪ್ರಿಂಕ್ಲರ್ ಬಿಡಲೇಬೇಕು. ನಾನು ಆಟಿ ತಿಂಗಳಲ್ಲೂ ಹೋಗುತ್ತಿದ್ದೆ ಮಾರಾಯ್ರೆ! ಹೊರಗೆ ಧಾರಾಕಾರ ಮಳೆ, ಅಡಿಕೆಗೆ ಕೊಳೆರೋಗ, ತೋಟದ ತೋಡು ತುಂಬಿ ಹರಿಯುತ್ತಿದೆ. ನಾನು ಕೊಡೆ ಹಿಡ್ಕೊಂಡು ತೋಟಕ್ಕೆ ನೀರು ಬಿಡಲು ಹೊರಟಿದ್ದೇನೆ. ಮನೆಯಲ್ಲಿ ಅಮ್ಮ, ಹೆಂಡತಿ, ಓದಿದ ಮಗಳು, ಎಲ್ಲ ಇದ್ದರು. ಒಬ್ಬರೂ ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ.

ಊರಿನ ಲೆಕ್ಕದಲ್ಲಿ ನಾನು ಕುಡುಕನಲ್ಲ. ಮದರಂಗಿ ದಿನ "ವ್ಯವಸ್ಥೆ" ನೋಡಿಕೊಳ್ಳುವವ. ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿ ಅಂಗಳದಲ್ಲಿ ಡಿಜೆ, ಹಿತ್ತಲಲ್ಲಿ ವ್ಯವಸ್ಥೆ. ಐಸ್ ಎಲ್ಲಿಂದ, ಸೋಡ ಎಷ್ಟು ಕೇಸು, ಯಾವ ಭಾವನಿಗೆ ಯಾವ ಬ್ರ್ಯಾಂಡು, ಎಲ್ಲ ನನಗೆ ಬಾಯಿಪಾಠ. ಕೇರಳದಲ್ಲಿ ಒಂದನೇ ತಾರೀಕು ಮದ್ಯದಂಗಡಿ ಮುಚ್ಚುತ್ತದೆ. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿ ಎಷ್ಟೋ ಸಲ ಮರೆತದ್ದುಂಟು, ಒಂದನೇ ತಾರೀಕು ಒಮ್ಮೆಯೂ ಮರೆತದ್ದಿಲ್ಲ. ಪಾರ್ಟಿ ನಮ್ಮಂಥವರಿಗೆ ಒಳ್ಳೇ ಮರೆ. ಹತ್ತು ಜನರ ನಡುವೆ ನೀವು ಕುಡಿದದ್ದನ್ನು ಯಾರು ಲೆಕ್ಕ ಇಡ್ತಾರೆ?

ಇನ್ನೊಂದು ಹೇಳಿಬಿಡ್ತೇನೆ. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ನಿಮಗೆ ಗೊತ್ತಿರಬಹುದು. ಎಂಟು ದಿನ ಅಲ್ಲೇ ಇರಬೇಕು, ಬಿಟ್ಟವರನ್ನು ನವಜೀವನ ಸಮಿತಿಗೆ ಸೇರಿಸುತ್ತಾರೆ. ಅಲ್ಲಿಂದ ಬಂದು ಬದುಕು ಸರಿ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ. ನಾನೂ ಒಮ್ಮೆ ಆ ಶಿಬಿರಕ್ಕೆ ಹೋಗಿದ್ದೆ, ಸ್ವಾಗತ ಸಮಿತಿಯ ಸದಸ್ಯನಾಗಿ. ಎದೆಗೆ ಬ್ಯಾಡ್ಜು, ಕೈಯಲ್ಲಿ ದೇಣಿಗೆಯ ಕವರು. ಸಂಜೆ ಮನೆಗೆ ಬಂದು ಪಂಪು ಹಾಕಿದೆ.

2020ರ ಮಾರ್ಚಿನಲ್ಲಿ ಗುಟ್ಟು ಇನ್ನೇನು ಒಡೆಯಬೇಕಿತ್ತು. ಲಾಕ್‌ಡೌನ್ ಅಂತ ಮದ್ಯದಂಗಡಿ ಮುಚ್ಚಿತು. ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ತೀರಿಕೊಂಡ ದಿನಗಳವು. ಶೆಡ್ಡಿನ ಬಾಟಲಿ ಖಾಲಿಯಾದ ಎರಡನೇ ದಿನ ನನಗೆ ಕೈ ನಡುಕ, ಬೆವರು, ನಿದ್ದೆ ಇಲ್ಲ. ಆಗ ಕೇರಳದಲ್ಲೇ ಜಾಸ್ತಿ ಕೊರೊನಾ ಇದ್ದದ್ದು ಕಾಸರಗೋಡಲ್ಲಿ. ಹೆಂಡತಿ ಹೆದರಿ ನನಗೆ ಬೇರೆ ಕೋಣೆಯಲ್ಲಿ ಚಾಪೆ ಹಾಕಿದಳು, ಬಾಗಿಲ ಹೊರಗೆ ಗಂಜಿ ಇಟ್ಟಳು. ನಾನು ಸುಮ್ನೆ ಇದ್ದೆ. ಕೊರೊನಾ ಅಂದುಕೊಂಡರೆ ಅಂದುಕೊಳ್ಳಲಿ, ಮರ್ಯಾದೆ ಹೋಗುವ ಕಾಯಿಲೆ ಅದಲ್ಲವಲ್ಲ! ಅದೇ ದಿನಗಳಲ್ಲಿ ಕೇರಳದಲ್ಲಿ ಕುಡಿಯಲು ಸಿಗದೆ ಕೆಲವರು ಜೀವ ಕಳಕೊಂಡರು. ಡಾಕ್ಟರ ಚೀಟಿ ಇದ್ದರೆ ಮದ್ಯ ಕೊಡುವ ಅಂತ ಸರಕಾರ ಆದೇಶ ಮಾಡಿತು, ಡಾಕ್ಟರುಗಳು ವಿರೋಧಿಸಿದರು, ಏಪ್ರಿಲ್ ಮೊದಲ ವಾರ ಹೈಕೋರ್ಟ್ ತಡೆ ಕೊಟ್ಟಿತು. ಟಿವಿಯಲ್ಲಿ ಈ ಸುದ್ದಿ ಬಂದಾಗ ನಮ್ಮ ಮನೆಯಲ್ಲೂ ನಕ್ಕರು. ಕೋಣೆಯ ಒಳಗಿಂದ ನಾನೂ ನಕ್ಕೆ.

ಆದ್ದರಿಂದಲೇ ನನಗೆ ಈ ಹುಡುಗನ ಮೇಲೆ ಗೌರವ ಬಂದದ್ದು. ಷೋ ನೋಡಿ ಬಂದೆ ಅಂದ ಕೂಡಲೇ ನಮ್ಮ ಚಿಕ್ಕಪ್ಪ ಒಬ್ಬರು "ಕುಡಿತವನ್ನೆಲ್ಲ ತಮಾಷೆ ಮಾಡಬಾರದು" ಅಂದರು. ಅಲ್ಲ ಚಿಕ್ಕಪ್ಪ, ನಾವು ಇಷ್ಟು ವರ್ಷ ಮಾಡಿದ್ದು ಮತ್ತೇನು? ನಾಟಕದಲ್ಲಿ ಲುಂಗಿ ಜಾರಿದ ಕುಡುಕ ತೂರಾಡುತ್ತಾ ಬಂದರೆ ಮಾತಿಗೆ ಮೊದಲೇ ನಗು ಶುರು. ಆ ತೂರಾಡುವವ ಇರುವುದರಿಂದಲೇ ನನ್ನಂಥವನಿಗೆ ಅನುಕೂಲ. ನಾನು ಚರಂಡಿಯಲ್ಲಿ ಬಿದ್ದಿಲ್ಲ, ಸೊಸೈಟಿಯ ಸಾಲ ಬಾಕಿ ಇಟ್ಟಿಲ್ಲ, ಹಾಗಾಗಿ ನನಗೇನೂ ಇಲ್ಲ. ಈ ಹುಡುಗ ಇಸ್ತ್ರಿ ಹಾಕಿದ ಅಂಗಿಯವನನ್ನೇ ವೇದಿಕೆಗೆ ತಂದ. ಅದೂ ತನ್ನನ್ನೇ.

ಅವನ ಇನ್ನೊಂದು ಜೋಕು ನಾಲ್ಕು ಪ್ರಶ್ನೆಗಳದ್ದು. 1984ರಲ್ಲಿ ಜಾನ್ ಯೂಯಿಂಗ್ ಅನ್ನುವ ಅಮೆರಿಕದ ವೈದ್ಯರು ಪ್ರಕಟಿಸಿದ ಪ್ರಶ್ನೆಗಳು, ಕುಡಿತ ಚಟವಾಗಿದೆಯಾ ಅಂತ ತಿಳಿಯಲು ಈಗಲೂ ಡಾಕ್ಟರುಗಳು ಕೇಳುತ್ತಾರೆ. ಕಡಿಮೆ ಮಾಡಬೇಕು ಅಂತ ಅನ್ನಿಸಿದೆಯಾ? ಯಾರಾದರೂ ನಿಮ್ಮ ಕುಡಿತದ ಬಗ್ಗೆ ಮಾತಾಡಿದರೆ ಸಿಟ್ಟು ಬರುತ್ತದಾ? ತಪ್ಪು ಮಾಡಿದೆ ಅನ್ನಿಸಿದ್ದುಂಟಾ? ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತದಾ? ಎರಡಕ್ಕೆ ಹೌದು ಅಂದರೆ ಡಾಕ್ಟರು ಪೆನ್ನು ಕೆಳಗಿಡ್ತಾರೆ. "ನಾನು ಜೀವನದಲ್ಲಿ ಫುಲ್ ಮಾರ್ಕ್ಸ್ ತೆಗೆದದ್ದು ಇದೊಂದೇ ಪರೀಕ್ಷೆಯಲ್ಲಿ" ಅಂದ. ಮೂರು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಅಂತ ಹೋದಾಗ ನನಗೂ ಇದನ್ನೇ ಕೇಳಿದ್ದರು. ಮೂರಕ್ಕೆ ಹೌದು ಅಂದೆ. ನಾಲ್ಕನೆಯದಕ್ಕೆ ಸುಳ್ಳು ಹೇಳಿದೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಸತ್ಯ ಹೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಗೊತ್ತಾದದ್ದು ಆವತ್ತೇ.

ಷೋದಲ್ಲಿ ತಕರಾರು ಇಲ್ಲದೆ ಇಲ್ಲ. ಕೊನೆಯ ಹತ್ತು ನಿಮಿಷ ಭಾಷಣ ಆಯಿತು, ಜನ ಮೊಬೈಲ್ ತೆಗೆದರು. ಅದು ಹೋಗಲಿ. "ಒಂದು ಬೆಳಗ್ಗೆ ಎದ್ದವನೇ ಬಿಟ್ಟುಬಿಟ್ಟೆ" ಅಂದಾಗ ಚಪ್ಪಾಳೆ ಬಿತ್ತು ನೋಡಿ, ಅಲ್ಲಿ ನನಗೆ ಸಿಟ್ಟು ಬಂತು. ದಿನಾ ಜಾಸ್ತಿ ಕುಡಿಯುವವ ಹಾಗೆ ಒಮ್ಮೆಲೇ ಬಿಡಬಾರದು. ಮೊದಲ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಾಣಬಹುದು, ಜೀವವೇ ಹೋಗಬಹುದು. 2020ರಲ್ಲಿ ನಾನು ಬಚಾವಾದದ್ದು ಬರೀ ಅದೃಷ್ಟ. ಬಾಗಿಲು ತೆರೆದ ಮೊದಲ ದಿನವೇ ಅಂಗಡಿಯ ಕ್ಯೂನಲ್ಲಿ ನಿಂತಿದ್ದೆ ಅನ್ನುವುದು ಬೇರೆ ಮಾತು. ನಿಜವಾಗಿ ಬಿಡುವಾಗ ಡಾಕ್ಟರು ಮಾತ್ರೆ ಕೊಟ್ಟು, ಆ ಮಾತ್ರೆಯನ್ನು ದಿನ ದಿನ ಕಡಿಮೆ ಮಾಡುತ್ತಾ ಬಂದರು, ಜೊತೆಗೆ ಬಿ1 ವಿಟಮಿನ್. ಯಾರಿಗಾದರೂ ಮಾತಾಡಬೇಕು ಅಂತಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಂಟು, ಕನ್ನಡದಲ್ಲೂ ಮಾತಾಡುತ್ತಾರೆ. ಇಷ್ಟನ್ನು ಅವನು ಒಂದು ಜೋಕಿನ ಒಳಗೆ ತುರುಕಬಹುದಿತ್ತು. ಆ ಶಕ್ತಿ ಅವನಿಗೆ ಇತ್ತು.

ಬಸ್ಸಲ್ಲಿ ತಲಪಾಡಿ ದಾಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಉಪ್ಪಳ ಬರುವಾಗ ಅವಳು "ಅವನ ಹೆಂಡತಿಗೆ ಕಸದ ವಿಷಯ ಮೊದಲೇ ಗೊತ್ತಿದ್ದಿರಬೇಕು ಅಲ್ವಾ?" ಅಂದಳು. "ಇರಬೇಕು" ಅಂದೆ.

ಮೊನ್ನೆ ಸಂಜೆ ಪಂಪಿನ ಸ್ಟಾರ್ಟರ್ ಕೈಕೊಟ್ಟಿತು. ಫ್ಯೂಸ್ ಹಾಕಿ ಸರಿ ಮಾಡುವಾಗ ಮುಕ್ಕಾಲು ಗಂಟೆ ಹೋಯಿತು. ವಾಪಸ್ ಬರುವಾಗ ತೋಟದ ಅರ್ಧ ದಾರಿಯಲ್ಲಿ ಅವಳು ಟಾರ್ಚ್ ಹಿಡ್ಕೊಂಡು ನಿಂತಿದ್ದಳು. "ಮೋಟಾರು ಕೆಟ್ಟಿತಾ?" ಅಂತ ಕೇಳಿದಳು. ಮುಖ ನನ್ನ ಬಾಯಿಯ ಹತ್ತಿರ ತಂದು ಕೇಳಿದಳು.