ಎಂಎಸ್ಸಿ ಫಿಸಿಕ್ಸ್ ಒಂದೇ ಸಾಲದು

‘ಎಂಎಸ್ಸಿ ಫಿಸಿಕ್ಸ್ ಆದರೆ ಸಾಕು, ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ನೇರವಾಗಿ ಮೆಡಿಕಲ್ ಫಿಸಿಸಿಸ್ಟ್ (ರೋಗಿಗೆ ಕೊಡುವ ವಿಕಿರಣದ ಪ್ರಮಾಣವನ್ನು ಲೆಕ್ಕಹಾಕಿ ಅಳೆಯುವ ತಜ್ಞ) ಆಗಬಹುದು’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಎಂಎಸ್ಸಿ ಆದ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಬೇಕು. ಇಲ್ಲವೇ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂಎಸ್ಸಿ ಆಗಿರಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಂಥ ಕೋರ್ಸ್ ಇದೆ. ಯಾವ ಕೋರ್ಸ್ ಮಾಡಿದರೂ ಅದರ ಜೊತೆಗೆ ಬೇಕು, ರೇಡಿಯೋಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್.

ಈ ಒಂದು ವರ್ಷವನ್ನು ಸುಮ್ನೆ ಇಟ್ಟಿಲ್ಲ. ಬೆಳಿಗ್ಗೆ ಮೊದಲ ರೋಗಿ ಮಲಗುವ ಮುಂಚೆ ಲಿನಾಕ್ ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಡೋಸ್ (ವಿಕಿರಣದ ಪ್ರಮಾಣ) ಅಳೆಯಬೇಕು. ಅದನ್ನು ಅಳೆಯುವ ಸಾಧನವಾದ ಅಯಾನ್ ಚೇಂಬರ್‌ನೊಳಗಿನ ಗಾಳಿ ಸ್ವಲ್ಪ ಬಿಸಿಯಾದರೂ ರೀಡಿಂಗ್ ಬದಲಾಗುತ್ತದೆ. ಕೋಣೆಯ ಉಷ್ಣಾಂಶ, ಗಾಳಿಯ ಒತ್ತಡ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದು ಕೈಯಾರೆ ಮಾಡಿಯೇ ಕಲಿಯುವ ಕೆಲಸ ಅಲ್ವಾ? ಫೀಸು ಕಟ್ಟುವ ಮುಂಚೆ ಆ ಕೋರ್ಸ್ ಮಂಡಳಿಯ ನಿಯಮಕ್ಕೆ ಹೊಂದುತ್ತದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.